ಕೆರೆಬಿಳಚಿಯಲ್ಲಿ ಸಿಕ್ಕ ಒಂದೇ ಮಣ್ಣುಹಾವು

ಹಾವು ಹುಡುಕುವುದು ನನ್ನ ಕೆಲಸ ಎಂದರೆ ಎದುರಿಗಿದ್ದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಆಮೇಲೆ ಎಷ್ಟು ದೊಡ್ಡ ಹಾವು ಎಂದು ಕೇಳುತ್ತಾರೆ. ನಾನು ಎಡಗೈ ಚಾಚಿ, ನಡುಬೆರಳ ತುದಿಯಿಂದ ಮಣಿಕಟ್ಟಿನ ಸ್ವಲ್ಪ ಮೇಲಕ್ಕೆ ತೋರಿಸಿದೆನೆಂದರೆ ಅವರ ಮುಖ ಸಪ್ಪೆಯಾಗುತ್ತದೆ. ಇಷ್ಟುದ್ದದ್ದಕ್ಕೆ ಇಷ್ಟೆಲ್ಲ ಓಡಾಟವೇ ಎಂದು ಕೆಲವರು ಬಾಯಿಬಿಟ್ಟೇ ಕೇಳಿದ್ದಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ, ತೋರಿಸಿಕೊಳ್ಳುವುದಿಲ್ಲ ಅಷ್ಟೆ.

ಅದು ಪೆನ್ಸಿಲ್ ದಪ್ಪದ ಹಾವು. ಕಂದು ಮೈ, ಹೊಟ್ಟೆಯ ಅಂಚಿಗೆ ಮಾಸಲು ಹಳದಿ ಚುಕ್ಕೆಗಳು. ತಲೆ ಚೂಪು, ಬಾಲ ಮಾತ್ರ ಕುಡುಗೋಲಿನಲ್ಲಿ ಓರೆಯಾಗಿ ಕೊಯ್ದಂತೆ ಮೊಂಡು, ಅದರ ಮೇಲೆ ಸದಾ ಒಂದು ಚೂರು ಮಣ್ಣು ಅಂಟಿಕೊಂಡಿರುತ್ತದೆ. ಕಚ್ಚುವುದಿಲ್ಲ, ವಿಷವಿಲ್ಲ, ಬುಸುಗುಟ್ಟಲೂ ಬಾರದು. ಎರೆಹುಳು ತಿಂದುಕೊಂಡು ಮಣ್ಣಿನೊಳಗೇ ಹುಟ್ಟಿ ಮಣ್ಣಿನೊಳಗೇ ಸಾಯುತ್ತದೆ. ಮಳೆ ಬಿದ್ದು ನೆಲ ಚೆನ್ನಾಗಿ ನೆನೆದಾಗ ಮಾತ್ರ ಕೈಗೆ ಸಿಗುವಷ್ಟು ಮೇಲೆ ಬರುತ್ತದೆ. ಲ್ಯಾಟಿನ್ನಿನಲ್ಲಿ ಅದಕ್ಕೊಂದು ಹೆಸರಿದೆ, ಬರೆದರೆ ಹಾವಿಗಿಂತ ಉದ್ದವಾಗುತ್ತದೆ. ನಾನು ಮಣ್ಣುಹಾವು ಎನ್ನುತ್ತೇನೆ.

ಘಟ್ಟದ ತಂಪು ಮಣ್ಣು ಅದರ ಸೀಮೆ. ಅಲ್ಲಿಂದ ಪೂರ್ವಕ್ಕೆ ಬಂದ ಹಾಗೆ ಮಳೆ ಕಡಿಮೆಯಾಗಿ, ನೆಲ ಗಟ್ಟಿಯಾಗಿ, ನ್ಯಾಮತಿಯ ಪಡುವಣ ಗುಡ್ಡಗಳ ಹತ್ತಿರ ಎಲ್ಲೋ ಒಂದು ಕಡೆ ಅದು ಮುಗಿದುಹೋಗುತ್ತದೆ. ಆ ಎಲ್ಲೋ ಎಂಬುದು ಎಲ್ಲಿ ಎಂದು ಗೊತ್ತುಮಾಡುವುದೇ ನನ್ನ ಸಂಶೋಧನೆ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ಈ ನಾಲ್ಕು ತಾಲ್ಲೂಕು ಆರಿಸಿಕೊಂಡಿದ್ದೆ. ಜಗಳೂರಿನ ಒಣನೆಲದಲ್ಲಿ ಆ ಹಾವು ಇರುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಇಲ್ಲ ಎಂದು ಬರೆಯಬೇಕಾದರೂ ಹೋಗಿ, ಕಲ್ಲು ಮಗುಚಿ, ನೆಲ ಕೆದಕಿ ನೋಡಬೇಕು. ಮನೆಯಲ್ಲಿ ಕೂತು ಇಲ್ಲ ಎನ್ನುವ ಹಾಗಿಲ್ಲ.

ಈ ಕೆಲಸಕ್ಕೆ ಕೈ ಹಾಕಿದಾಗ ನನಗೆ ನಲವತ್ತೊಂದು. ದಾವಣಗೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಹದಿನಾರು ವರ್ಷದಿಂದ ಅಲ್ಲೇ ಇದ್ದೆ. ಮದುವೆಯಾಗಲಿಲ್ಲ. ಅದರ ಹಿಂದೆ ಕಥೆ ಇರಬೇಕೆಂದು ಜನ ಹುಡುಕುತ್ತಾರೆ, ಕಥೆ ಏನೂ ಇಲ್ಲ, ಆಗಲಿಲ್ಲ. ಅಪ್ಪ ಹೋದ ಮೇಲೆ ಒಂದು ಬಾಡಿಗೆ ಮನೆಯಲ್ಲಿ ನಾನು, ಅಮ್ಮ ಇಬ್ಬರೇ ಇದ್ದೆವು, ಅಮ್ಮ ಹೋದ ಮೇಲೆ ಆ ಮನೆಯೂ ಬೇಡವೆನಿಸಿತು. ರಜೆ ಹಾಕಿ ಚನ್ನಗಿರಿಯಲ್ಲಿ ಒಬ್ಬ ಟೈಲರ್ ಅಂಗಡಿಯ ಮೇಲೆ ರೂಮು ಹಿಡಿದೆ. ಕೆಳಗೆ ಹೊಲಿಗೆ ಮಿಷಿನ್ ಓಡುತ್ತಿದ್ದಷ್ಟು ಹೊತ್ತು ಮೇಲೆ ನನಗೆ ಧೈರ್ಯ. ಅದು ನಿಂತಿತೆಂದರೆ ರೇಡಿಯೋ ಹಾಕಿಕೊಳ್ಳುತ್ತಿದ್ದೆ.

ಮೊದಲ ವರ್ಷದ ಮಳೆಗಾಲದಲ್ಲೇ ಹಾವು ಸಿಕ್ಕಿತು. ಅದೂ ನಾನು ಅಂದುಕೊಂಡ ಕಡೆಯಲ್ಲಲ್ಲ, ಎಷ್ಟೋ ಪೂರ್ವಕ್ಕೆ, ಕೆರೆಬಿಳಚಿಯ ಒಂದು ಅಡಿಕೆ ತೋಟದಲ್ಲಿ.

ಆ ತೋಟದಲ್ಲಿ ಅಂದು ಎಡೆಸಸಿ ಹಾಕುತ್ತಿದ್ದರು. ಹಳೆಯ ಮರಗಳು ಮುಪ್ಪಾಗುವ ಮೊದಲೇ ಅವುಗಳ ನಡುವೆ ಹೊಸ ಸಸಿ ನೆಡುವುದಕ್ಕೆ ಹಾಗೆನ್ನುತ್ತಾರೆ. ಹತ್ತು ಹೆಂಗಸರು, ಅವರಿಗೊಬ್ಬರು ಮುಂದಾಳು. ಆ ಮುಂದಾಳು ಐವತ್ತು ದಾಟಿದ ಅಕ್ಕ, ನೀಲಿ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಎಲ್ಲರಿಗಿಂತ ಮುಂದೆ ನಿಂತು ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಅವರಿಗೆಲ್ಲ ಹಾವಿನ ಚಿತ್ರ ತೋರಿಸಿ, ಕಂಡರೆ ಕೂಗಿ ಎಂದು ಹೇಳಿ, ನಾನು ತೋಟದ ಇನ್ನೊಂದು ತುದಿಗೆ ಹೋಗಿ ಬದುವಿನ ಕಲ್ಲು ಮಗುಚುತ್ತಾ ಕೂತಿದ್ದೆ. ಹೆಂಗಸರೆಲ್ಲ ಒಟ್ಟಿಗೆ ಕಿರುಚಿದರು. ಓಡಿದೆ. ನಾಲ್ಕೈದು ಗುದ್ದಲಿ ಮೇಲೆದ್ದಿದ್ದವು. ಆ ಅಕ್ಕ ಮಾತ್ರ ಮಣ್ಣು ಹೊರುವ ಬಾಂಡ್ಲಿಯನ್ನು ನೆಲಕ್ಕೆ ಕವುಚಿ, ಅದರ ಮೇಲೆ ಕಾಲಿಟ್ಟು ನಿಂತಿದ್ದರು.

"ಹೊಡೀಬ್ಯಾಡ್ರೇ ಅಂತೀನಿ! ಮೇಡಂ ಹುಡುಕಾಕೆ ಬಂದಿರೋದು ಇದೇ ಇರಬೇಕು. ಬರ್ರಿ ಮೇಡಂ, ಬೇಗ ಬರ್ರಿ, ನನ್ನ ಕಾಲು ನಡುಗಾಕೆ ಹತ್ತೈತೆ."

ಬಾಂಡ್ಲಿ ಎತ್ತಿದೆ. ಇತ್ತು. ಮೊಂಡು ಬಾಲವನ್ನು ಮೇಲೆತ್ತಿಕೊಂಡು, ಅದನ್ನೇ ತಲೆ ಎಂದು ನಾವು ಮೋಸಹೋಗಲಿ ಎನ್ನುವ ಹಾಗೆ ಸುತ್ತಿಕೊಂಡಿತ್ತು. ಎಲ್ಲಿ ಸಿಕ್ಕಿತು ಎಂದು ಕೇಳಿದೆ. "ಇಲ್ಲೇ, ಈ ಸಸಿ ಬುಡದಾಗೆ" ಎಂದು ಅಕ್ಕ ಬೆರಳು ತೋರಿಸಿದರು. ಅಳತೆ ತೆಗೆದೆ, ಭೂತಗನ್ನಡಿ ಹಿಡಿದು ಹುರುಪೆಗಳನ್ನು ಎಣಿಸಿದೆ, ಫೋಟೊ ತೆಗೆದೆ. ಆಮೇಲೆ ಎಲ್ಲಿ ಸಿಕ್ಕಿತೋ ಅಲ್ಲಿಗೇ, ಅದೇ ಸಸಿಯ ಬುಡಕ್ಕೇ ಬಿಟ್ಟು, ಅದು ತಲೆ ಊರಿ ಒಳಗೆ ಹೋದ ಮೇಲೆ ಮೇಲಿನ ಮಣ್ಣನ್ನು ಅಂಗೈಯಿಂದ ತಟ್ಟಿದೆ. ಹಿಡಿದದ್ದನ್ನು ಹಿಡಿದ ಜಾಗದಲ್ಲೇ ಬಿಡಬೇಕು, ಅದು ನಮ್ಮ ಕೆಲಸದ ನಿಯಮ. ಹೆಂಗಸರು ಬಾಯಿ ಮೇಲೆ ಸೆರಗಿಟ್ಟುಕೊಂಡು ನೋಡುತ್ತಿದ್ದರು.

ಆ ದಿನ ನನಗಾದ ಖುಷಿಯನ್ನು ಯಾರಿಗೆ ಹೇಳುವುದು ಎಂದು ಬಸ್ಸಿನಲ್ಲಿ ಫೋನ್ ತೆಗೆದು ಹೆಸರುಗಳನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ನೋಡಿದೆ. ಕೊನೆಗೆ ನನ್ನ ಗೈಡ್ ಆಗಿದ್ದ ನಿವೃತ್ತ ಪ್ರೊಫೆಸರರಿಗೇ ಮಾಡಿದೆ. "ಭೇಷ್ ಕಣಮ್ಮ! ಇದೊಂದರ ಮೇಲೇ ನಿನ್ನ ಥೀಸಿಸ್ ನಿಲ್ಲುತ್ತೆ" ಎಂದರು. ಎರಡು ಪುಟದ ಬರಹ ಒಂದು ಇಂಗ್ಲಿಷ್ ಸಂಶೋಧನಾ ಪತ್ರಿಕೆಯಲ್ಲಿ ಬಂತು, ಹಾವಿನ ಫೋಟೊ, ಪಕ್ಕದಲ್ಲಿ ನಕ್ಷೆ. ಆ ಜಾತಿಯ ಹಾವು ಕಂಡ ಜಾಗಗಳಲ್ಲೆಲ್ಲ ತೀರ ಪೂರ್ವದ ಚುಕ್ಕೆ ನನ್ನದು. ಉಳಿದ ಚುಕ್ಕೆಗಳೆಲ್ಲ ಎಡಗಡೆ ಗುಂಪಾಗಿದ್ದವು, ಇದೊಂದು ಬೇರೆ ನಿಂತಿತ್ತು. ಅದನ್ನು ನಾನು ಎಷ್ಟು ಸಲ ತೆಗೆದು ನೋಡಿದ್ದೇನೋ ಲೆಕ್ಕವಿಲ್ಲ. ನನ್ನದು ಎನ್ನುವಂಥದ್ದು ಈ ಲೋಕದಲ್ಲಿ ಅದೊಂದೇ ಎಂದು ಅನಿಸುತ್ತಿತ್ತು. ಪುಟವನ್ನು ಪ್ರಿಂಟ್ ಹಾಕಿಸಿ ಆ ಅಕ್ಕನಿಗೂ ಒಂದು ಕೊಟ್ಟೆ. ಇಂಗ್ಲಿಷ್ ಓದಲು ಬಾರದಿದ್ದರೂ ಅವರು ಹಾವಿನ ಮೇಲೆ ಬೆರಳಿಟ್ಟು, "ಇದು ನಮ್ದು" ಎಂದು ಪಕ್ಕದವರಿಗೆ ತೋರಿಸಿದರು.

ಸರ್ ಏನೇ ಅಂದರೂ ಒಂದು ಹಾವಿನಿಂದ ಥೀಸಿಸ್ ಆಗುವುದಿಲ್ಲ. ಕನಿಷ್ಠ ಇನ್ನೊಂದಾದರೂ ಸಿಗಬೇಕು. ಮುಂದಿನ ಎರಡು ವರ್ಷ ನಾನು ಆ ಇನ್ನೊಂದನ್ನು ಹುಡುಕಿದೆ.

ಸೂಳೆಕೆರೆಯ ಸುತ್ತ ಒಂದು ಊರು ಬಿಡದೆ ತಿರುಗಿದೆ. ಹಗ್ಗದಲ್ಲಿ ನೆಲದ ಮೇಲೆ ಚೌಕ ಕಟ್ಟಿ, ಒಳಗಿನ ಕಲ್ಲು, ತರಗು, ಮಣ್ಣನ್ನು ಗೇಣು ಗೇಣಾಗಿ ನೋಡುವುದು, ಆಮೇಲೆ ಪ್ರತಿ ಕಲ್ಲನ್ನೂ ಇದ್ದ ಹಾಗೇ ಇಡುವುದು. ಕಲ್ಲಿನಡಿ ಚೇಳು ಇರುತ್ತಿತ್ತು, ಕಪ್ಪೆ, ಜರಿಹುಳು, ಒಮ್ಮೆ ಯಾರೋ ಬಚ್ಚಿಟ್ಟು ಮರೆತ ಬೀಡಿ ಕಟ್ಟು. ಹೊನ್ನಾಳಿ ಕಡೆ ಹೊಳೆದಂಡೆಯ ಗದ್ದೆಗಳ ಬದುವಿನಲ್ಲಿ ಒಂದು ತಿಂಗಳು ಬಗ್ಗಿ ನಡೆದೆ, ಸೊಂಟ ಹಿಡಿದುಕೊಂಡಿತೇ ಹೊರತು ಹಾವಿಲ್ಲ. ಗೋವಿನಕೋವಿಯಿಂದ ಪಶ್ಚಿಮಕ್ಕೆ, ನ್ಯಾಮತಿಯ ಗುಡ್ಡದ ಬುಡದಲ್ಲಿ ಮೂರು ಸಿಕ್ಕವು. ಅವು ಅಲ್ಲಿ ಸಿಗಬೇಕಾದವೇ, ಅದರಲ್ಲಿ ಹೊಸತೇನಿಲ್ಲ. ಅಲ್ಲಿಂದ ಪೂರ್ವಕ್ಕೆ ಬಂದೆನೆಂದರೆ ನನ್ನ ಪುಸ್ತಕದ ಪುಟಗಳಲ್ಲಿ ಊರು, ದಿನ, ಮಳೆ, ಮಣ್ಣು ಎಂದು ತುಂಬಿಸಿ ಕೊನೆಯ ಕಾಲಮ್ಮಿನಲ್ಲಿ ಬರೆಯುತ್ತಿದ್ದುದು ಒಂದೇ ಮಾತು, ಇಲ್ಲ.

ಕೆಲವು ಸಲ ಮೂರು ಮೂರು ದಿನ ಕಂಡಕ್ಟರನ ಬಳಿ ಊರಿನ ಹೆಸರು ಹೇಳಿದ್ದು ಬಿಟ್ಟರೆ ಬೇರೆ ಮಾತೇ ಆಡಿರುತ್ತಿರಲಿಲ್ಲ. ಖಾನಾವಳಿಯಲ್ಲಿ "ಒಬ್ಬರೇನಾ ಮೇಡಂ?" ಎಂದು ಕೇಳಿ, ನಾನು ತಲೆಯಾಡಿಸಿದರೆ ಗೋಡೆ ಕಡೆಯ ಟೇಬಲ್ ತೋರಿಸುತ್ತಿದ್ದರು. ಆ ಪ್ರಶ್ನೆಗೆ ಒಮ್ಮೆ ರೇಗಿ, "ಇನ್ನೂ ನಾಲ್ಕು ಜನ ಬರ್ತಾರೆ" ಎಂದುಬಿಟ್ಟೆ. ಮಾಣಿ ಪಾಪ, ನಾಲ್ಕು ಲೋಟ ನೀರಿಟ್ಟು ಹೋದ. ಆ ನಾಲ್ಕು ಲೋಟದ ಎದುರು ಕೂತು ಅನ್ನ ಸಾರು ಉಂಡೆನಲ್ಲ, ಅಷ್ಟು ಅವಮಾನ ನನಗೆ ಇನ್ನೊಬ್ಬರಿಂದ ಆದದ್ದಿಲ್ಲ. ಏಳುವ ಮೊದಲು ನಾಲ್ಕನ್ನೂ ನಾನೇ ಕುಡಿದು ಖಾಲಿ ಮಾಡಿದೆ.

ಜಗಳೂರಿಗೆ ಹೋದದ್ದು ಎರಡನೆಯ ವರ್ಷದ ಹಿಂಗಾರಿನಲ್ಲಿ. ಒಂದು ಹಳ್ಳಿಯ ಹೊರಗೆ ಹಗ್ಗ ಕಟ್ಟಿ ಕಲ್ಲು ಮಗುಚುತ್ತಿದ್ದಾಗ ಐದಾರು ಗಂಡಸರು ಬಂದು ಸುತ್ತ ನಿಂತರು.

"ಎರಡು ತಲೆ ಹಾವು ಹಿಡಿಯಾಕೆ ಬಂದೀರೇನ್ರಿ?"

ಎರಡು ತಲೆ ಹಾವು ಎಂದರೆ ಮಣ್ಣುಮುಕ್ಕ. ಅದು ಮನೆಯಲ್ಲಿದ್ದರೆ ಸಿರಿ ಉಕ್ಕುತ್ತದೆಂದು ನಂಬಿಸಿ ಕದ್ದು ಮಾರುವ ದಂಧೆ ಈ ಕಡೆ ಎಲ್ಲರಿಗೂ ಗೊತ್ತು. ಒಬ್ಬಂಟಿ ಹೆಂಗಸು, ಬ್ಯಾಗಿನಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಗುದ್ದಲಿ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಅದು ಬೇರೆ ಹಾವು, ಇದು ಬೇರೆ ಹಾವು ಎಂದು ಬಿಡಿಸಿ ಹೇಳಿದಷ್ಟೂ ಅನುಮಾನ ಹೆಚ್ಚಾಯಿತು. ಊರ ಕಟ್ಟೆಯ ಮೇಲೆ ಕೂರಿಸಿ ಟೀ ತರಿಸಿಕೊಟ್ಟರು, ಆದರೆ ಹೋಗಲು ಬಿಡಲಿಲ್ಲ. ಅವರಲ್ಲಿ ಹಿರಿಯರೊಬ್ಬರು ನನ್ನ ಪುಸ್ತಕ ಇಸಿದುಕೊಂಡು, ಕನ್ನಡಕ ಮೂಗಿನ ತುದಿಗೆ ಜಾರಿಸಿ, ಒಂದೊಂದೇ ಪುಟ ಓದಿದರು. ಬಹಳ ಹೊತ್ತು ಓದಿದರು.

"ಏನವ್ವ ಇದು? ಎಲ್ಲಿ ತೆಗೆದ್ರೂ ಇಲ್ಲ, ಇಲ್ಲ, ಇಲ್ಲ. ಇಲ್ದೇ ಇರೋದನ್ನ ಬರಿಯಾಕೆ ಇಷ್ಟು ದೂರ ಬಂದೀಯಾ?"

"ಹೌದಜ್ಜ. ಇಲ್ಲ ಅಂತ ಬರಿಯೋಕೂ ನೋಡ್ಲೇಬೇಕು" ಎಂದೆ.

ಅಜ್ಜ ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು. "ಕಳ್ರು ಹಿಂಗೆ ಬರಿಯಾಕಿಲ್ಲ ಬಿಡ್ರೋ. ಕಳ್ರಾಗಿದ್ರೆ ಒಂದಾದ್ರೂ ಐತೆ ಅಂತ ಬರಿತಿದ್ರು" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಯಾರದೋ ಮನೆಯಿಂದ ಜೋಳದ ರೊಟ್ಟಿ, ಚಟ್ನಿಪುಡಿ ಬಂತು. ಆ ಅಜ್ಜನ ಮಾತು ಆಗ ನನಗೆ ಬರೀ ತಮಾಷೆಯಾಗಿ ಕೇಳಿಸಿತ್ತು.

ಮೂರನೆಯ ವರ್ಷ ಥೀಸಿಸ್ ಕೊಡಬೇಕಿತ್ತು. ಕೊನೆಯ ಸಲ ನೋಡಿಬಿಡೋಣವೆಂದು ಮುಂಗಾರು ಹಿಡಿದ ಮೇಲೆ ಕೆರೆಬಿಳಚಿಯ ಅದೇ ತೋಟಕ್ಕೆ ಹೋದೆ. ಎಡೆಸಸಿಗಳು ಎದೆಯುದ್ದ ಬಂದಿದ್ದವು. ನಾಲ್ಕು ದಿನ ಸಾಲು ಹಿಡಿದು ಬುಡ ಬುಡ ನೋಡಿದೆ. ಕೆರೆಯ ಹೂಳು ತಂದು ಹಾಕಿದ ಕಪ್ಪು ಮಣ್ಣು, ಹಿಡಿ ಹಿಡಿಗೂ ಎರೆಹುಳು. ಹಾವಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಆದರೂ ಇಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಆ ಅಕ್ಕ ಊಟದ ಡಬ್ಬಿ ಹಿಡಿದು ನಾನಿದ್ದಲ್ಲಿಗೆ ಬಂದರು. ಜಗಳೂರಿಗೆ ಹೋಗಿದ್ದೆನೆಂದು ಹೇಳಿದ್ದೇ ತಡ, ಅಲ್ಲಿ ಮಳೆ ಹೆಂಗೆ, ಜೋಳ ಹೆಂಗೆ ಎಂದು ಕೇಳಿದ್ದೇ ಕೇಳಿದ್ದು. ಅವರ ತವರು ಅತ್ತ ಕಡೆ. ಹದಿನೇಳು ತುಂಬುವುದರೊಳಗೆ ಇಲ್ಲಿಗೆ ಕೊಟ್ಟರಂತೆ. ಅಲ್ಲಿಯ ರೊಟ್ಟಿ ತಿಂದೆ ಎಂದದ್ದಕ್ಕೆ ಅವರ ಮುಖ ಅರಳಿತು. ನಾನು ಮಾತ್ರ ಗೊಣಗುತ್ತಲೇ ಇದ್ದೆ.

"ಇಲ್ಲೇ ಒಂದು ಸಿಕ್ಕಿತ್ತಲ್ಲ ಅಕ್ಕ. ಒಂದಿದ್ದ ಮೇಲೆ ಇನ್ನೊಂದು ಇರಲೇಬೇಕು. ಇಡೀ ತೋಟ ಜಾಲಾಡಿದೆ."

ಅಕ್ಕ ರೊಟ್ಟಿ ಮುರಿಯುತ್ತಾ, "ತೋಟ ಯಾಕೆ ಜಾಲಾಡ್ತೀರಿ ಮೇಡಂ? ಅದು ಸಸಿ ಜೊತಿಗೆ ಬಂದಿದ್ದಲ್ವಾ?" ಎಂದರು.

ನನಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದು ಬರೆಯುತ್ತಿದ್ದೇನೆ, ಆದರೆ ಆಗಲೇ ಎದ್ದು ನಿಂತಿದ್ದೆ.

"ತವರುಮಣ್ಣಾಗೆ ಇತ್ತು ಅದು" ಎಂದರು ಅಕ್ಕ, ದಿನ ಬೆಳಗಾದರೆ ಎಲ್ಲರೂ ನೋಡುವ ಸಂಗತಿಯಂತೆ.

ಅಡಿಕೆ ಸಸಿ ನರ್ಸರಿಯಿಂದ ಕಪ್ಪು ಪ್ಲಾಸ್ಟಿಕ್ ಪಾಕೀಟಿನಲ್ಲಿ ಬರುತ್ತದೆ, ಒಳಗೆ ಅಲ್ಲಿಯದೇ ಮಣ್ಣು. ನೆಡುವಾಗ ಪಾಕೀಟು ಸೀಳಿ ತೆಗೆಯುತ್ತಾರೆ, ಆದರೆ ಬೇರು ಹಿಡಿದಿರುವ ಮಣ್ಣಿನ ಹೆಂಟೆಯನ್ನು ಕೊಡವುವುದಿಲ್ಲ, ಹಾಗೇ ಗುಂಡಿಗೆ ಇಳಿಸುತ್ತಾರೆ. ಆ ಹೆಂಟೆಗೆ ಇವರ ಗುಂಪಿನ ಹೆಂಗಸರು ತವರುಮಣ್ಣು ಎನ್ನುತ್ತಾರೆ. ಅದನ್ನು ಕೊಡವಿದರೆ ಸಸಿ ಹೊಸ ಜಾಗಕ್ಕೆ ಒಗ್ಗದೆ ಬಾಡುತ್ತದಂತೆ. ಆ ವರ್ಷದ ಸಸಿ ಬಂದದ್ದು ನ್ಯಾಮತಿಯ ಆಚೆ, ಕೆಂಪು ಮಣ್ಣಿನ ಗುಡ್ಡದ ಬುಡದ ಒಂದು ನರ್ಸರಿಯಿಂದ. ಒಂದು ಪಾಕೀಟು ಸೀಳುವಾಗ ಹೆಂಟೆ ಒಡೆದು, ಅದರೊಳಗಿಂದ ಹಾವು ಗುಂಡಿಗೆ ಬಿತ್ತು. ಹೆಂಗಸರು ಕಿರುಚಿದರು. ನಾನು ಓಡಿಬಂದೆ. ಎಲ್ಲಿ ಸಿಕ್ಕಿತು ಎಂದು ಕೇಳಿದೆ, ಸಸಿಯ ಬುಡದಲ್ಲಿ ಎಂದರು. ಅದು ನಿಜವೇ.

"ನೀವು ಆಗ್ಲೇ ಯಾಕೆ ಹೇಳ್ಲಿಲ್ಲ ಅಕ್ಕ?" ನನ್ನ ದನಿ ಏರಿತ್ತು.

"ನೀವು ಕೇಳ್ಲಿಲ್ಲಲ್ರೀ. ಎಲ್ಲಿ ಅಂದ್ರಿ, ಹೇಳ್ದೆ. ಎಲ್ಲಿಂದ ಅಂತ ಕೇಳಿದ್ರೆ ಅದನ್ನೂ ಹೇಳ್ತಿದ್ದೆ. ಓದಿದೋರು, ಕಂಡಿರ್ತೀರಿ ಅಂದ್ಕಂಡೆ."

ಸಾಯಂಕಾಲ ರೂಮಿಗೆ ಬಂದು ಲ್ಯಾಪ್‌ಟಾಪಿನಲ್ಲಿ ಮೊದಲ ದಿನದ ಫೋಟೊ ತೆಗೆದೆ. ಪತ್ರಿಕೆಯಲ್ಲಿ ಅಚ್ಚಾದದ್ದಲ್ಲ, ಮೂಲದ್ದು. ಹಾವಿನ ಸುತ್ತ ಮಣ್ಣು ಕೆಂಪಗಿತ್ತು, ಗುಂಡಿಯ ಅಂಚಿನಿಂದ ಆಚೆಗೆ ಕಪ್ಪು. ಬಲಗಡೆಯ ಮೂಲೆಯಲ್ಲಿ ಹರಿದ ಕಪ್ಪು ಪ್ಲಾಸ್ಟಿಕ್ಕಿನ ಚೂರು. ಅಚ್ಚಿಗೆ ಕಳಿಸುವಾಗ ಪ್ಲಾಸ್ಟಿಕ್ ಅಸಹ್ಯವಾಗಿ ಕಾಣುತ್ತದೆಂದು ನಾನೇ ಆ ಮೂಲೆಯನ್ನು ಕತ್ತರಿಸಿದ್ದೆ. ಕತ್ತರಿಸುವಾಗ ಹಾವಿನ ಸುತ್ತಲ ಕೆಂಪು ಬಿಟ್ಟರೆ ಬೇರೆ ಮಣ್ಣು ಉಳಿಯಲಿಲ್ಲ.

ಆಗ ನನಗೆ ಹೊಳೆದಿರಲಿಲ್ಲವೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಾನು ದಾವಣಗೆರೆಯ ಬಾಡಿಗೆ ಮನೆಗಳಲ್ಲಿ ಬೆಳೆದವಳು, ತೋಟದ ಕೆಲಸ ಗೊತ್ತಿಲ್ಲ, ಹಾವು ಕಂಡ ಮೇಲೆ ಸಸಿ ಕಾಣಲಿಲ್ಲ, ಇದೆಲ್ಲ ನಿಜ. ಆದರೆ ಪ್ಲಾಸ್ಟಿಕ್ ಕತ್ತರಿಸುವಾಗ ಕೈ ಒಂದು ಕ್ಷಣ ನಿಂತಿತ್ತು. ಅದೂ ನಿಜ. ಹೊಳೆಯಲು ಬಂದದ್ದನ್ನು ನಾನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಗೈಡಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರೆಂದರು, "ಮತ್ತೆ ಹುಡುಕಿದಾಗ ಸಿಗಲಿಲ್ಲ ಅಂತ ಒಂದು ಸಾಲು ಸೇರಿಸಿ ಮುಗಿಸು. ಯಾರು ಬಂದು ಕೇಳ್ತಾರೆ? ಎರಡು ವರ್ಷ ಆದ ಮೇಲೆ ಒಬ್ಬ ಕೂಲಿ ಹೆಂಗಸು ಏನೋ ಹೇಳಿದಳು ಅಂತ ಇರೋದನ್ನ ಕಳ್ಕೋತೀಯಾ?"

"ಆ ಹೆಂಗಸು ಕೈಯಾರೆ ನೆಟ್ಟಿದ್ದು ಸರ್. ನಾನು ನೋಡಿದ್ದು ಹಾವು ಗುಂಡಿಗೆ ಬಿದ್ದ ಮೇಲೆ" ಎಂದು ಗದರಿಯೇ ಬಿಟ್ಟೆ. ಅವರೊಡನೆ ಹಾಗೆ ಮಾತಾಡಿದ್ದು ಅದೇ ಮೊದಲು. ಅವರಿಗೂ ಬೇಸರವಾಯಿತು, ಫೋನ್ ಇಟ್ಟರು.

ರೇಗಿದ ಮಾತ್ರಕ್ಕೆ ನಾನೇನು ಧರ್ಮರಾಯನಾಗಲಿಲ್ಲ. ಹತ್ತು ದಿನ ಏನೂ ಮಾಡದೆ ರೂಮಿನಲ್ಲಿ ಬಿದ್ದುಕೊಂಡಿದ್ದೆ. ಸರ್ ಹೇಳಿದ್ದು ಸರಿಯೇ, ಯಾರೂ ಬಂದು ಕೇಳುವುದಿಲ್ಲ. ತಿಪ್ಪೆ ಸಾರಿಸಲು ಒಂದು ಸಾಲು ಸಾಕು. ಆ ಚುಕ್ಕೆ ಅಳಿಸಿದರೆ ನನ್ನ ಕೈಯಲ್ಲಿ ಉಳಿಯುವುದೇನು? ನ್ಯಾಮತಿಯಲ್ಲಿ ಇದೆ, ಹೊನ್ನಾಳಿಯಲ್ಲಿ ಇಲ್ಲ, ಚನ್ನಗಿರಿಯಲ್ಲಿ ಇಲ್ಲ, ಜಗಳೂರಿನಲ್ಲಿ ಇಲ್ಲ. ಮೊದಲೇ ಎಲ್ಲರೂ ಅಂದುಕೊಂಡದ್ದನ್ನು ಹೌದು ಎನ್ನಲು ಮೂರು ವರ್ಷ, ಕೂಡಿಟ್ಟದ್ದೆಲ್ಲ, ಒಂದು ಸೊಂಟ. ಹಳೆಯ ಪುಸ್ತಕಗಳನ್ನು ಮುಂದೆ ಹರಡಿಕೊಂಡು ಪುಟ ತಿರುವಿದೆ. ಇಲ್ಲ, ಇಲ್ಲ, ಇಲ್ಲ. ಜಗಳೂರಿನ ಅಜ್ಜನ ಮಾತು ಆಗ ಮತ್ತೆ ಕೇಳಿಸಿತು. ಆ ಇಲ್ಲಗಳಲ್ಲಿ ಒಂದೂ ಸುಳ್ಳಿರಲಿಲ್ಲ. ನಾನು ಐತೆ ಎಂದು ಬರೆದದ್ದು ಅದೊಂದೇ, ಅದೇ ಸುಳ್ಳು.

ಪತ್ರಿಕೆಗೆ ಬರೆದೆ, ನನ್ನ ಬರಹ ಹಿಂತೆಗೆದುಕೊಳ್ಳಿ, ಹಾವು ಸಸಿಯ ಮಣ್ಣಿನ ಜೊತೆ ಬೇರೆ ಕಡೆಯಿಂದ ಬಂದದ್ದು. ಕತ್ತರಿಸದ ಫೋಟೊವನ್ನೂ ಇಟ್ಟೆ. ವಾರ ಬಿಟ್ಟು ಎರಡು ಸಾಲಿನ ಉತ್ತರ ಬಂತು, ತಿಳಿಸಿದ್ದಕ್ಕೆ ವಂದನೆ, ಕ್ರಮ ತೆಗೆದುಕೊಳ್ಳುತ್ತೇವೆ. ಅಷ್ಟೆ. ಬೈದಿದ್ದರೂ ಯಾರೋ ಓದಿದರು ಎನಿಸುತ್ತಿತ್ತು. ಥೀಸಿಸ್ಸು ಒಂದು ವರ್ಷ ಮುಂದೆ ಹೋಯಿತು. ರೂಮು ಬಿಡಬೇಕೆಂದು ತೀರ್ಮಾನಿಸಿ ಟೈಲರಿಗೆ ಹೇಳಿದೆ. "ಹಾವು ಸಿಕ್ತಾ ಮೇಡಂ?" ಎಂದು ಕೇಳಿದರು. ಹೂಂ ಎಂದೆ.

ಇನ್ನೊಬ್ಬರಿಗೆ ಹೇಳುವುದು ಬಾಕಿ ಇತ್ತು.

ಕೆರೆಬಿಳಚಿಯಲ್ಲಿ ಅಕ್ಕನ ಮನೆಗೆ ಅಲ್ಲಿಯವರೆಗೆ ನಾನು ಹೋದವಳಲ್ಲ. ಸಾಯಂಕಾಲ ಐದರ ಹೊತ್ತು, ಆಗಷ್ಟೇ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಒಳಗೆ ಗೋಡೆಯಲ್ಲಿ ಬುದ್ಧನ ಪಟ, ಅದರ ಮುಂದೆ ಒಂದು ಮೇಣದ ಬತ್ತಿ. ಪಟದ ಕೆಳಗೆ, ಪ್ಲಾಸ್ಟಿಕ್ ಹೊದಿಸಿ, ನಾಲ್ಕು ಮೂಲೆಗೆ ಟೇಪ್ ಹಾಕಿ, ನಾನು ಕೊಟ್ಟಿದ್ದ ಪುಟ. ನೆಂಟರು ಬಂದರೆ ತೋರಿಸುತ್ತೇನೆ ಎಂದರು ಅಕ್ಕ. ನಮ್ಮ ತೋಟದ ಹಾವು ಪುಸ್ತಕಕ್ಕೆ ಹೋಗಿದೆ ಎಂದರೆ ಯಾರೂ ನಂಬುವುದಿಲ್ಲವಂತೆ, ಆಗ ಇದನ್ನು ತೋರಿಸುವುದಂತೆ.

ನೆಲದ ಮೇಲೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಹಾವು ಇಲ್ಲಿಯದಲ್ಲ, ನೀವು ಹೇಳಿದ ಮೇಲೆ ಗೊತ್ತಾಯಿತು. ಬರೆದದ್ದು ತಪ್ಪು, ವಾಪಸ್ ತೆಗೆದುಕೊಂಡೆ. ಆ ಪುಟಕ್ಕೆ ಇನ್ನು ಬೆಲೆ ಇಲ್ಲ, ತೆಗೆದುಬಿಡಿ.

ಅಕ್ಕ ಪುಟದ ಕಡೆ ನೋಡಿದರು, ನನ್ನ ಕಡೆ ನೋಡಿದರು. "ನಾನು ಸುಮ್ಕಿದ್ದಿದ್ರೆ ಚೊಲೋ ಇತ್ತೇನೋ."

"ಇಲ್ಲಕ್ಕ. ನಾನು ಕೇಳಬೇಕಿತ್ತು."

"ಹಂಗಾರೆ ಇರ್ಲಿ ಬಿಡ್ರಿ ಅದು. ನನ್ನ ಬಾಂಡ್ಲಿ ಅಡಿಗೆ ಸಿಕ್ಕಿದ್ದಂತೂ ಸುಳ್ಳಲ್ಲವಲ್ಲ" ಎಂದು ಒಳಗೆ ಹೋದರು. ತಟ್ಟೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿಕೊಂಡು ಬಂದು ನನ್ನ ಮುಂದಿಟ್ಟರು. ಎದುರಿಗೆ ಗೋಡೆಗೆ ಒರಗಿ ಕೂತು, ಏನನ್ನೋ ಲೆಕ್ಕ ಹಾಕುವವರಂತೆ ಕೇಳಿದರು.

"ಅಂದ್ರೆ ಮೇಡಂ, ಅದು ಇಲ್ಲಿ ಒಂದೇ ಐತಾ?"

ಮೂರು ವರ್ಷ ಆ ಹಾವಿನ ಹಿಂದೆ ತಿರುಗಿದವಳಿಗೆ ಈ ಪ್ರಶ್ನೆ ಒಂದು ಸಲವೂ ಬಂದಿರಲಿಲ್ಲ. ನನ್ನ ಚುಕ್ಕೆ ಹೋಯಿತು, ನನ್ನ ಥೀಸಿಸ್ ಹೋಯಿತು ಎಂದು ಹತ್ತು ದಿನ ಬಿದ್ದುಕೊಂಡವಳಿಗೆ ಹಾವು ಏನಾಯಿತು ಎಂಬುದು ಹೊಳೆದಿರಲಿಲ್ಲ. ಅದರ ಜಾತಿಯದು ಇನ್ನೊಂದು ಈ ಮಣ್ಣಿನಲ್ಲಿ ಇಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎರಡು ವರ್ಷ ಹುಡುಕಿ ಪುಟಗಟ್ಟಲೆ ಬರೆದಿದ್ದೇನೆ. ಅದನ್ನು ಆ ಗುಂಡಿಗೆ ವಾಪಸ್ ಬಿಟ್ಟವಳೂ ನಾನೇ, ಮೇಲಿನ ಮಣ್ಣು ತಟ್ಟಿದವಳೂ ನಾನೇ. ಅಂದು ಒಂದು ಮಾತು ಹೆಚ್ಚಿಗೆ ಕೇಳಿದ್ದರೆ, ಡಬ್ಬಿಗೆ ಹಿಡಿ ಮಣ್ಣು ಹಾಕಿ ಅದನ್ನು ಇಟ್ಟುಕೊಂಡು ಬಸ್ಸು ಹತ್ತಿದ್ದರೆ, ಸಾಯಂಕಾಲದೊಳಗೆ ನ್ಯಾಮತಿಯ ಗುಡ್ಡದ ಬುಡದಲ್ಲಿ ಅದರದೇ ಜನದ ನಡುವೆ ಇರುತ್ತಿತ್ತು.

"ಹೂಂ ಅಕ್ಕ, ಒಂದೇ" ಎಂದೆ. ಹೇಳುತ್ತಿದ್ದಂತೆ ಅಳು ಬಂತು. ಅಮ್ಮ ಹೋದಾಗ ಬಂದ ನೆಂಟರಿಗೆ ಕಾಫಿ ಕೊಡುತ್ತಾ ತಡೆದುಕೊಂಡವಳು ಒಂದು ಗೇಣುದ್ದದ ಹಾವಿಗಾಗಿ ಇನ್ನೊಬ್ಬರ ಮನೆಯ ನೆಲದ ಮೇಲೆ ಕೂತು ಅತ್ತೆ. ಹಾವಿಗಾಗಿಯೇ ಅತ್ತೆನೋ ಏನೋ, ಅಕ್ಕ ಕೇಳಲಿಲ್ಲ. "ಉಣ್ರಿ ಮೊದ್ಲು" ಎಂದು ತಟ್ಟೆಯನ್ನು ಇನ್ನಷ್ಟು ಹತ್ತಿರ ಸರಿಸಿದರು. ಆಮೇಲೆ, "ನಾಳೆ ಕೂಲಿಗೆ ಹೋಗಾಕಿಲ್ಲ ನಾನು. ಬೆಳಿಗ್ಗೇನೆ ಹೋಗಿ ಹುಡುಕಾನ. ಸಿಕ್ರೆ ನೀವು ನ್ಯಾಮತಿಗೆ ಬಿಟ್ಟು ಬರ್ರಿ" ಎಂದರು.

ನನ್ನ ಜೊತೆ ಹುಡುಕಲು ಬರುತ್ತೇನೆ ಎಂದವರು ಆ ಮೂರು ವರ್ಷದಲ್ಲಿ ಅವರೊಬ್ಬರೇ. ಅಂದು ಅಲ್ಲೇ ಉಳಿದೆ.

ಬೆಳಿಗ್ಗೆ ಇಬ್ಬರೂ ಹೋದೆವು. ಸಣ್ಣಗೆ ಮಳೆ ಹನಿಯುತ್ತಿತ್ತು. ಯಾವ ಗಿಡ ಎಂದು ನೋಡಲು ನಾನು ನಕ್ಷೆ ತೆಗೆಯುವ ಮೊದಲೇ ಅಕ್ಕ ಹೋಗಿ ಅದರ ಪಕ್ಕ ನಿಂತಿದ್ದರು. ಗುದ್ದಲಿ ಹಾಕಿದರೆ ಹಾವಿಗೆ ತಗುಲೀತೆಂದು ಕೈಯಿಂದಲೇ ಮಣ್ಣು ಬಿಡಿಸಿದೆವು, ಅವರು ಒಂದು ಕಡೆಯಿಂದ, ನಾನು ಒಂದು ಕಡೆಯಿಂದ. ಮೇಲೆಲ್ಲ ಕಪ್ಪು. ಮೊಣಕೈ ಆಳದಲ್ಲಿ ಬೇರಿನ ನಡುವೆ ಒಂದು ಮುಷ್ಟಿಯಷ್ಟು ಕೆಂಪು ಮಣ್ಣು ಇನ್ನೂ ಇತ್ತು. ಅದರಾಚೆ ಬೇರು ದಟ್ಟವಾಗಿ ಹೆಣೆದುಕೊಂಡಿತ್ತು, ಕೈ ಹೋಗಲಿಲ್ಲ. ಮುಂದೆ ಅಗೆಯಬೇಕಾದರೆ ಬೇರು ಕಡಿಯಬೇಕು. ಅಕ್ಕ ನನ್ನ ಮುಖ ನೋಡಿದರು, ನಾನು ಬೇಡವೆಂದೆ. ಇಬ್ಬರೂ ಮಣ್ಣು ಮುಚ್ಚಿದೆವು. ಈ ಸಲ ಮೇಲೆ ತಟ್ಟಿದವರು ಅಕ್ಕ.

ಆ ದಿನದ ಪುಟ ಈಗ ನನ್ನ ಮುಂದಿದೆ. ಊರು, ಮಳೆ, ಮಣ್ಣು ಎಲ್ಲ ಬರೆದಿದ್ದೇನೆ, ಬೇರಿನ ನಡುವೆ ಹಿಡಿಯಷ್ಟು ಕೆಂಪು ಮಣ್ಣು ಇತ್ತೆಂದೂ ಬರೆದಿದ್ದೇನೆ. ಕೊನೆಯ ಕಾಲಮ್ಮಿನಲ್ಲಿ ಮಾತ್ರ ಏನೂ ಬರೆದಿಲ್ಲ.